ಕೊನೆ ಸ್ನಾನದಕ್ಕ

ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಜನ ಮೊದಲು ಓಡಿ ಬರುತ್ತಿದ್ದುದು ಅಕ್ಕನ ಬಾಗಿಲಿಗೆ. ಸ್ವಂತ ಅಕ್ಕ ಅಲ್ಲ. ನನ್ನ ಹೊಲಿಗೆ ಅಂಗಡಿಗೂ ಅವಳ ಕೋಣೆಗೂ ನಡುವೆ ಒಂದೇ ಗೋಡೆ, ಅಷ್ಟೇ ಸಂಬಂಧ. ಆಸ್ಪತ್ರೆಯ ಶವಾಗಾರದಲ್ಲಿ ಹೆಣ ತೊಳೆಯುವುದು ಅವಳ ಕೆಲಸ. ಮನೆಗಳಿಗೆ ಕರೆದರೂ ಹೋಗುತ್ತಿದ್ದಳು. ಕೊನೆ ಸ್ನಾನದಕ್ಕ ಅಂತ ಹೆಸರಿಟ್ಟಿದ್ದರು. ಕೆಲಸ ಮುಗಿಯುವ ತನಕ ಅಕ್ಕಾ, ಅಕ್ಕಾ. ಮರುದಿನ ಎದುರು ಸಿಕ್ಕರೆ ಕಂಡೂ ಕಾಣದ ಹಾಗೆ ಆಚೆ ಬದಿಗೆ ದಾಟಿಬಿಡೋರು. ಥೂ, ಎಂಥಾ ಜನವೋ! ಅವಳ ಕೈಯಿಂದ ಒಂದು ಲೋಟ ನೀರು ಇಸ್ಕೊಳ್ಳೋಕೂ ಹಿಂದೆ ಮುಂದೆ ನೋಡೋರು.

ಅವಳದ್ದೊಂದು ಹುಚ್ಚು ಇತ್ತು. ಹೆಣಕ್ಕೂ ನೀರು ಕಾಯಿಸುವಳು. ಎಳೆಗೂಸಿಗೆ ಹದ ನೋಡುವ ಹಾಗೆ ಮೊಣಕೈ ಅದ್ದಿ ನೋಡಿಯೇ ಮೈಮೇಲೆ ಹಾಕುವಳು. "ಸೋಪು ಕಣ್ಣಿಗೆ ಹೋದರೆ ಅತ್ತುಬಿಟ್ಟಾರು, ಜೋಪಾನ!" ಅಂತ ಆಸ್ಪತ್ರೆ ಕಾವಲುಗಾರ ರೇಗಿಸುತ್ತಿದ್ದ. ಅಕ್ಕ ನಗುತ್ತಲೇ ಇನ್ನೊಂದು ಚೊಂಬು ಸುರಿಯುತ್ತಿದ್ದಳು.

ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮಕ್ಕಳಿಲ್ಲ. ಚರ್ಚಿನಲ್ಲಿ ಕೊನೆಯ ಬೆಂಚು ಪೂರ್ತಿ ಅವಳೊಬ್ಬಳದೇ. ನಾನು ಹಾಡುವವರ ಜೊತೆ ಮುಂದೆ ನಿಲ್ಲಬೇಕಿತ್ತು, ಅಲ್ಲಿಂದ ಎಲ್ಲ ಕಾಣಿಸುತ್ತಿತ್ತು. ಪೂಜೆಯ ನಡುವೆ ಪಾದ್ರಿಗಳು, ಒಬ್ಬರಿಗೊಬ್ಬರು ಸಮಾಧಾನ ಹೇಳಿ ಕೈಕುಲುಕಿ ಅಂದಾಗ ಎಲ್ಲರೂ ಆಚೀಚೆ ತಿರುಗುವರು, ಅವಳ ಕಡೆ ಮಾತ್ರ ಯಾರ ಕತ್ತೂ ತಿರುಗದು. ಅವಳು ತನ್ನ ಒಂದು ಕೈಯನ್ನು ಇನ್ನೊಂದರಲ್ಲಿ ಹಿಡಿದುಕೊಂಡು ನಿಂತಿರುತ್ತಿದ್ದಳು.

ಒಂದು ಸಂಜೆ ರವಿಕೆಗೆ ಗುಂಡಿ ಹಾಕಿಸಿಕೊಳ್ಳಲು ಬಂದವಳು ಕೇಳಿದಳು: "ಅಲ್ವೇ, ನಾನು ಹೋದಾಗ ನನ್ನ ತೊಳೆಯೋರು ಯಾರೇ?"

ದಾರ ಮುಗೀತಾ ಅಂತ ಕೇಳಿದಷ್ಟೇ ಸಲೀಸಾಗಿ ಕೇಳಿದಳು. ನಾನು ಮಷೀನು ತುಳಿಯುತ್ತಾ ಕೂತೆ.

ಆ ವರ್ಷ, ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನೆನೆಯುವ ಗುರುವಾರ, ಪಾದ್ರಿಗಳು ಎಂದಿನಂತೆ ಹನ್ನೆರಡು ಜನರನ್ನು ಮುಂದೆ ಕೂರಿಸಿ ಕಾಲು ತೊಳೆಯಬೇಕಿತ್ತು. ಕೂರುವವರ ಬಡಿವಾರ ಕೇಳಬೇಡಿ. ಮನೆಯಲ್ಲೇ ಉಜ್ಜಿ ಉಜ್ಜಿ ತೊಳೆದು, ಉಗುರು ಕತ್ತರಿಸಿ, ಪೌಡರ್ ಬೇರೆ ಹಚ್ಚಿಕೊಂಡು ಬರೋರು. ತೊಳೆದ ಕಾಲನ್ನೇ ತೊಳೆಸಿಕೊಳ್ಳೋದು, ಏನು ವಿನಯವೋ! ಅವತ್ತು ಔಷಧಿ ಅಂಗಡಿಯವನು ಬರಲಿಲ್ಲ. ಒಂದು ಕುರ್ಚಿ ಖಾಲಿ. ಪಾದ್ರಿಗಳು ಚರ್ಚನ್ನೆಲ್ಲ ನೋಡಿ, ಕೊನೆಯ ಬೆಂಚಿನ ಕಡೆ ಕೈ ನೀಡಿದರು. "ಬಾಮ್ಮಾ."

ಅಕ್ಕ ಹಿಂದೆ ತಿರುಗಿ ನೋಡಿದಳು. ಹಿಂದೆ ಗೋಡೆ ಇತ್ತು.

ಕೆಲಸದಿಂದ ನೇರ ಬಂದಿದ್ದಳು. ಹಿಮ್ಮಡಿ ಒಡೆದಿತ್ತು, ಬೆರಳ ಸಂದಿಯಲ್ಲಿ ಮಣ್ಣು. ಪಕ್ಕದ ಕುರ್ಚಿಯ ಶಾಲೆ ಮೇಡಂ ಸೀರೆ ಎಳೆದುಕೊಂಡು ಸರಿದರು. ಅವರ ತಾಯಿಯನ್ನು ತೊಳೆದು ಕಳಿಸಿದ್ದು ಇದೇ ಅಕ್ಕ!

ಪಾದ್ರಿಗಳು ಮಂಡಿಯೂರಿ ನೀರು ಸುರಿದರು. ಅಕ್ಕ ಬೆಚ್ಚಿಬಿದ್ದು ಕಾಲು ಎಳೆದುಕೊಂಡಳು. "ತಣ್ಣಗಿದೆ ಫಾದರ್."

ಯಾರೋ ಕಿಸಕ್ಕೆಂದರು. ಪಾದ್ರಿಗಳು ನಗಲಿಲ್ಲ. "ಸತ್ತವರಿಗೂ ನೀನು ಬಿಸಿನೀರೇ ಹಾಕ್ತೀಯಂತಲ್ಲ. ಯಾಕಮ್ಮಾ?"

"ಅವರು ಹೀಗೆ ಕಾಲು ಎಳ್ಕೊಳ್ಳೋಕೆ ಆಗಲ್ವಲ್ಲ ಫಾದರ್."

ಪಾದ್ರಿಗಳು ಮಂಡಿನೋವಿನ ಮುದುಕರು. ಕುರ್ಚಿ ಹಿಡಿದು ಎದ್ದು, ಪಾತ್ರೆ ಎತ್ತಿಕೊಂಡು, ಹಿಂದಿನ ಕೋಣೆಗೆ ತಾವೇ ಹೋದರು. ನೀರು ಕಾಯುವ ತನಕ ಎಲ್ಲರೂ ಕಾದೆವು. ಅಕ್ಕ ಅಷ್ಟು ಜನರೆದುರು ಒಂದು ಒದ್ದೆ ಕಾಲು ಇಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು. ಪಾಪ, ಅಷ್ಟು ಒಂಟಿಯಾಗಿ ನಾನು ಅವಳನ್ನು ನೋಡಿರಲೇ ಇಲ್ಲ. ಆಮೇಲೆ ಅವರು ಬಂದು ತೊಳೆದರು, ಸಂದಿ ಸಂದಿಯನ್ನೂ.

ಮನೆ ಕಡೆ ನಾವಿಬ್ಬರೇ ನಡೆದೆವು. ಜೊತೆಗೆ ಯಾರೂ ಬರಲಿಲ್ಲ, ಒಂದು ಮಾತೂ ಆಡಿಸಲಿಲ್ಲ. ಬಾಗಿಲು ತೆಗೆಯುತ್ತಾ ಅಕ್ಕ ಅಂದಳು: "ಬದುಕಿದ್ದಾಗಲೇ ಒಬ್ಬರು ತೊಳೆದರಲ್ಲ. ಇನ್ನು ನಾನು ಹೋದಾಗ ಯಾರೂ ಬರದಿದ್ದರೂ ಪರವಾಗಿಲ್ಲ ಬಿಡು."

ನನಗೆ ರೇಗಿಹೋಯಿತು. "ಪರವಾಗಿಲ್ವಂತೆ! ನಾನೇನು ಸತ್ತುಹೋಗಿದ್ದೀನಾ? ನೀರು ಕಾಯಿಸೋಕೆ ನನಗೂ ಬರುತ್ತೆ."

ಅಕ್ಕ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅಷ್ಟು ಸಾವು ಕಂಡ ಕಣ್ಣು, ಅವತ್ತು ತುಂಬಿ ಹರಿಯಿತು. ಮೂಗು ಒರೆಸಿಕೊಂಡು ಹೇಳಿದಳು:

"ಮೊಣಕೈ ಅದ್ದಿ ನೋಡೇ. ಸುಡಬಾರದು."