ಗೊತ್ತಿಲ್ಲ ಎನ್ನುತ್ತಿದ್ದ ಗೀತಾ

ಲೋಟವನ್ನು ತುಟಿಗೆ ತಾಗಿಸದೆ ನೀರು ಕುಡಿಯುವುದನ್ನು ಕಲಿಯಲು ಅವಳಿಗೆ ಇಪ್ಪತ್ತು ದಿನ ಹಿಡಿಯಿತು. ಬೆಳಿಗ್ಗೆ ಎದ್ದವಳೇ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ನಿಂತು, ಕತ್ತು ಮೇಲೆತ್ತಿ ಸುರಿದುಕೊಳ್ಳುತ್ತಿದ್ದಳು. ಅರ್ಧ ನೀರು ಮೂಗಿಗೆ, ಅರ್ಧ ಅಂಗಿಗೆ. ಕಚ್ಚಿ ಕುಡಿದರೆ ಗಂಟೇನೂ ಹೋಗುವುದಿಲ್ಲ ಎಂದು ನಾನೇ ಹೇಳಿದೆ. ಅವಳು ಕೆಮ್ಮುತ್ತಲೇ ಲೋಟವನ್ನು ನನ್ನ ಕೈಗಿತ್ತು, "ನಂಗೊತ್ತಿಲ್ಲ, ಹೇಳ್ಕೊಡಿ" ಎಂದಳು. ನಮ್ಮ ಮನೆಯಲ್ಲಿ ಅವಳು ಕಲಿತ ಮೊದಲ ಕನ್ನಡ ಅದೇ.

ಹೆಸರು ಬಿರ್ಗಿಟ್. ಜರ್ಮನಿಯವಳು, ಇಪ್ಪತ್ತೊಂದರ ಹುಡುಗಿ. ತೊಂಬತ್ತರ ದಶಕದ ಮೊದಲಲ್ಲಿ, ಕಡಕೊಳದ ಹತ್ತಿರ ನಮ್ಮವರು ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಎಂಜಿನಿಯರನ ತಂಗಿಯ ಮಗಳು. ಅವರ ಕಡೆ ಒಂದು ಪದ್ಧತಿಯಂತೆ. ಹುಡುಗಿಯರು ಪರದೇಶದ ಒಂದು ಮನೆಯಲ್ಲಿ ವರ್ಷದ ಮಟ್ಟಿಗೆ ಇದ್ದು, ಅಲ್ಲಿನ ಮಕ್ಕಳನ್ನು ನೋಡಿಕೊಳ್ಳುತ್ತಾ ಆ ಮನೆಯ ಮಾತು, ನಡವಳಿಕೆ ಕಲಿತು ಹೋಗುತ್ತಾರೆ. ಊಟ, ಕೋಣೆ ಮನೆಯವರದು. ಅದಕ್ಕೆ 'ಓ ಪೇರ್' ಎನ್ನುತ್ತಾರಂತೆ. ಅವಳಿಗೆ ಕನ್ನಡ ಬೇಕಿತ್ತು, ನಮಗೆ ಮಗಳು ನಂದಿನಿಯ ಜೊತೆಗೆ ಒಬ್ಬರು ಬೇಕಿತ್ತು.

ನಮ್ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಕಣವ್ವ, ಅವ್ಳು ನೆಂಟ್ರೋ, ಕೆಲಸದೋಳೋ?" ನೆಂಟರಾದರೆ ಪಾತ್ರೆ ಮುಟ್ಟಿಸುವಂತಿಲ್ಲ, ಕೆಲಸದವಳಾದರೆ ಜೊತೆಗೆ ಊಟಕ್ಕೆ ಕೂರಿಸಿ ಅವರಿಗೆ ಅಭ್ಯಾಸವಿಲ್ಲ. ಮೊದಲ ವಾರ ಅತ್ತೆ ಅವಳಿಗೆ ಬೆಳ್ಳಿ ಲೋಟದಲ್ಲಿ ಹಾಲು ಕೊಟ್ಟರು. ಅವಳು ತೊಳೆಯಲು ಹೋದರೆ ಕಸಿದುಕೊಂಡರು. ಎಂಟನೆಯ ದಿನ ಅತ್ತೆಗೆ ಸೊಂಟ ಹಿಡಿದುಕೊಂಡಿತು, ಕಸಿಯುವುದು ಅಲ್ಲಿಗೆ ನಿಂತಿತು. ಬಿರ್ಗಿಟ್ ಎನ್ನಲು ನಾಲಿಗೆ ಹೊರಳದೆ ಅವರು ಗೀತಾ ಎಂದು ಕರೆದರು, ಅಗ್ರಹಾರದ ನಮ್ಮ ಬೀದಿಗೆಲ್ಲ ಅವಳು ಗೀತಾ ಆದಳು. ಎಡವಟ್ಟಾಗದಿರಲೆಂದು ಅತ್ತೆ ಅವಳಿಗೆ ಬಹುವಚನವನ್ನಷ್ಟೇ ಕಲಿಸಿದ್ದರು. ಬೀದಿನಾಯಿಗೂ ಅವಳು "ಆಚೆ ಹೋಗಿ" ಎನ್ನುತ್ತಿದ್ದಳು.

ನಂದಿನಿಗೆ ಆಗ ಮೂರೂವರೆ ವರ್ಷ. ಒಂದು ಮಾತೂ ಆಡಿರಲಿಲ್ಲ. ಕಿವಿ ಚೆನ್ನಾಗಿದೆ, ಕಾಯೋಣ ಎಂದಿದ್ದರು ಡಾಕ್ಟರು. ಅತ್ತೆ ಬಜೆ ತೇಯ್ದು ಜೇನಿನಲ್ಲಿ ಕಲಸಿ ಅವಳ ನಾಲಿಗೆಗೆ ಸವರಿದರು. ಮಠಕ್ಕೆ ಕರೆದೊಯ್ದು ಬುದ್ಧಿಯವರಿಂದ ಆಶೀರ್ವಾದ ಮಾಡಿಸಿದರು. "ಬಾಯಿದ್ದೋರು ಬರದಲ್ಲೂ ಬದುಕ್ತಾರೆ, ಇದ್ರ ಗತಿ ಏನವ್ವ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದಿನವಿಡೀ ಊರವರ ಮಾತು ಜೋಡಿಸುವವಳ ಮಗಳು ಮೂಗಿ ಎಂದು ನೆಂಟರೊಬ್ಬರು ನನ್ನೆದುರೇ ಅಂದಿದ್ದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಮುಂದಿನದು ಅತ್ತೆ ಹೇಳಿದ್ದು, ನಾನಾಗ ಡ್ಯೂಟಿಯಲ್ಲಿದ್ದೆ. ನಂದಿನಿ ಅಡುಗೆಮನೆಯ ಮೇಲಿನ ಹಲಗೆಯತ್ತ ಬೆರಳು ತೋರಿಸಿದಳು. ಅಲ್ಲಿರುವುದು ಕಡಲೆಪುರಿ ಡಬ್ಬಿ, ನಾವಾಗಿದ್ದರೆ ಬೆರಳು ಏಳುವ ಮೊದಲೇ ಕೊಟ್ಟಿರುತ್ತಿದ್ದೆವು. ಗೀತಾ ಉಪ್ಪಿನ ಜಾಡಿ ಇಳಿಸಿದಳು. ಆಮೇಲೆ ಬೆಂಕಿಪೊಟ್ಟಣ. ಆಮೇಲೆ ಹುಣಸೆಹಣ್ಣು. ಪ್ರತಿ ಸಲವೂ ಮಂಡಿಯೂರಿ ಕೂತು, ನಂಗೊತ್ತಿಲ್ಲ ಹೇಳ್ಕೊಡಿ ಎನ್ನುವುದು. ಮಗು ನೆಲಕ್ಕೆ ಬಿದ್ದು ಹೊರಳಾಡಿತು. "ಕೊಟ್ಬುಡವ್ವ ಅತ್ಲಾಗೆ" ಎಂದು ಅತ್ತೆ ಗದರಿದರೂ ಅವಳು ಜಗ್ಗಲಿಲ್ಲ. ಮೂರು ದಿನ ಇದೇ ರಂಪ. ನಾಲ್ಕನೆಯ ದಿನ ನಂದಿನಿ ಅವಳ ಕೈಯಲ್ಲಿದ್ದ ಜೀರಿಗೆಯನ್ನು ನೋಡಿ, ಇಷ್ಟು ದಡ್ಡರೂ ಇರುತ್ತಾರಾ ಎನ್ನುವಂತೆ ನಿಟ್ಟುಸಿರಿಟ್ಟು, "ಪುರಿ" ಅಂದಳು.

ಅತ್ತೆ ಪೂಜೆಯ ವಿಭೂತಿ ಕೈಯಲ್ಲೇ ಬಂದು ಇಬ್ಬರ ಹಣೆಗೂ ಬಳಿದರಂತೆ. ಸಂಜೆ ಕೇಳಿ ನನಗೂ ಅಳು ಬಂತು. ಸಂತೋಷದ ಅಳು, ಹೌದು, ಆದರೆ ಹೊಟ್ಟೆಯುರಿಯೂ ಇತ್ತು. ಹೆತ್ತವಳು ನಾನು, ಮೊದಲ ಮಾತು ಬಿದ್ದದ್ದು ಅವಳ ಕಿವಿಗೆ.

ಆಮೇಲೆ ಮಗು ಅವಳಿಗೆ ಮೇಷ್ಟರಾಯಿತು. ಕಾಗೆ, ಬಕೆಟ್, ಚಂದಮಾಮ, ಒಂದೊಂದನ್ನೂ ತೋರಿಸಿ ಹೇಳಿಕೊಡುವುದು. ಆರು ತಿಂಗಳಾದರೂ ಗೀತಾಗೆ ಚಮಚ ಅಂದರೇನೆಂದು ನೆನಪಿರುತ್ತಿರಲಿಲ್ಲ. ಪಾಪ, ಹುಡುಗಿಗೆ ತಲೆ ಸ್ವಲ್ಪ ಮಂದ ಎಂದುಕೊಂಡಿದ್ದೆ.

ಒಂದು ದಿನ ಡ್ಯೂಟಿ ಮುಗಿಸಿ ದೇವರಾಜ ಮಾರ್ಕೆಟ್ಟಿಗೆ ಹೋದರೆ, ಹೂವಿನ ಸಾಲಿನಲ್ಲಿ ಪರಿಚಿತ ಧ್ವನಿ. "ಏನ್ರಮ್ಮ, ಇದೂ ಒಂದು ಮೊಳಾನಾ? ನಿನ್ನೆ ನಿಮ್ ಕೈ ಇನ್ನೂ ಉದ್ದ ಇತ್ತಲ್ಲ." ಹೂವಿನವಳು ನಕ್ಕು ಒಂದು ಗೇಣು ಜಾಸ್ತಿ ಅಳೆದಳು. ತಿರುಗಿದರೆ ಗೀತಾ. ನನ್ನನ್ನು ನೋಡಿ ಕಿವಿಯವರೆಗೂ ಕೆಂಪಾದಳು.

ದಾರಿಯಲ್ಲಿ ಕೇಳಿದೆ, ಇಷ್ಟು ಕನ್ನಡ ಇಟ್ಟುಕೊಂಡು ಮನೆಯಲ್ಲಿ ಯಾಕೆ ಈ ನಾಟಕ ಎಂದು.

"ನಿಮ್ಮನೇಲಿ ಎಲ್ಲಾರ್ಗೂ ಎಲ್ಲಾ ಗೊತ್ತು," ಎಂದಳು. "ನಂದಿನಿ ಯಾರಿಗೆ ಹೇಳ್ಬೇಕು? ಗೊತ್ತಿಲ್ದೋರು ಒಬ್ರು ಬೇಕಲ್ವಾ?"

ನನಗೆ ಸಿಟ್ಟು ಬಂತು. ಎರಡು ದಿನ ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ. ಅವಳು ಹೇಳಿದ್ದು ನಿಜ, ಅದಕ್ಕೇ ಸಿಟ್ಟು. ಅತ್ತೆಗೆ ಹೇಳಿದರೆ, "ಹಿತ್ತಲ ಗಿಡ ಮದ್ದಲ್ಲ ಕಣವ್ವ" ಎಂದರು.

ಅವಳ ವರ್ಷ ಮುಗಿಯಿತು. ಅವಳು ಹೊರಡುವ ದಿನ ಬೆಳಿಗ್ಗೆಯಿಂದ ನಂದಿನಿ ತುಟಿ ಬಿಚ್ಚಲಿಲ್ಲ. ಬಂದ ಮಾತು ಬಂದವಳ ಜೊತೆಗೇ ಹೋಗುತ್ತದೇನೋ ಎಂದು ನನಗೆ ಭಯ. ಸ್ಟೇಷನ್ನಿನಲ್ಲಿ ಗೀತಾ ಎಂದಿನಂತೆ ಮಂಡಿಯೂರಿ ಕೂತು ರೈಲಿನತ್ತ ಕೈ ತೋರಿಸಿದಳು. ಇದೇನು, ನಂಗೊತ್ತಿಲ್ಲ, ಹೇಳ್ಕೊಡಿ.

ಮಗು ಅವಳ ಮುಖವನ್ನೇ ನೋಡಿತು. "ನಿಮ್ಗೆ ಗೊತ್ತು" ಅಂದಿತು. ಆಮೇಲೆ, "ಮತ್ತೆ ಯಾವಾಗ ಬರ್ತೀರಿ?" ಅಂದಿತು.

ಗೀತಾ ನನ್ನತ್ತ ನೋಡಿದಳು. "ನಂಗೊತ್ತಿಲ್ಲ" ಎಂದಳು. ಹೇಳ್ಕೊಡಿ ಎನ್ನಲಿಲ್ಲ. ಆ ಸಲ ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅವಳು ಮತ್ತೆ ಬರಲಿಲ್ಲ. ಮೂರು ಕಾಗದ ಬಂದವು, ಮೂರೂ ಕನ್ನಡದಲ್ಲಿ, ಆಮೇಲೆ ನಿಂತವು.

ಆವತ್ತು ಸ್ಟೇಷನ್ನಿನಿಂದ ಟಾಂಗಾದಲ್ಲಿ ಮನೆಗೆ ಬರುವಾಗ ನಂದಿನಿ ನನ್ನ ತೊಡೆಯ ಮೇಲೆ ಕೂತಿದ್ದಳು. ಪುರಿ ಗಾಡಿಯೊಂದು ಎದುರಾದಾಗ ಮಾತಿಲ್ಲದೆ ಬೆರಳು ತೋರಿಸಿದಳು. ಟಾಂಗಾ ನಿಲ್ಲಿಸಲು ಹೇಳಹೊರಟವಳು ತಡೆದುಕೊಂಡೆ. "ಇದೇನು? ನಂಗೊತ್ತಿಲ್ಲ ಕಣಮ್ಮ, ಹೇಳ್ಕೊಡು" ಅಂದೆ.

"ನಿಂಗೂ ಗೊತ್ತಿಲ್ವಾ?" ಎಂದು ಅವಳು ಬಹಳ ಕನಿಕರದಿಂದ ನನ್ನ ಗಲ್ಲ ಹಿಡಿದಳು. ಮನೆ ಮುಟ್ಟುವ ತನಕ ಪುರಿ ಅಂದರೆ ಏನು ಎಂದು ನನಗೆ ಹೇಳಿಕೊಟ್ಟಳು.