ಇಪ್ಪತ್ತನಾಲ್ಕು ಮೊಟ್ಟೆಗಳ ಸೊನ್ನೆ ಗಂಟೆ

2003ರ ಫೆಬ್ರವರಿ 12, ಬುಧವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಶಿರಸಿಯ ಕಾಲೇಜೊಂದರ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತನಾಲ್ಕು ನಾಟಿ ಕೋಳಿಮೊಟ್ಟೆಗಳನ್ನು ಇನ್‌ಕ್ಯುಬೇಟರಿನಲ್ಲಿಟ್ಟು ಬಾಗಿಲು ಹಾಕಿದೆ. ಡೈರಿಯಲ್ಲಿ ‘ಸೊನ್ನೆ ಗಂಟೆ’ ಎಂದು ಬರೆದು ಅಡಿಗೆರೆ ಎಳೆದೆ. ಆಗ ನಾನು ಅಲ್ಲಿ ಸಂಶೋಧನಾ ಸಹಾಯಕಿ.

ರೋಗದೊಡನೆ ಹೋರಾಡುವ ಟಿ-ಕೋಶಗಳು ಥೈಮಸ್ ಗ್ರಂಥಿಯಲ್ಲಿ ತಯಾರಾಗುತ್ತವೆ. ಅವುಗಳಿಗೆ ಅಲ್ಲಿ ಆಸರೆಯಾಗುವುದು ಎಪಿಥೀಲಿಯಂ ಎಂಬ ಅಂಗಾಂಶ. ಭ್ರೂಣದ ಗಂಟಲ ಬಳಿಯ ಪುಟ್ಟ ಚೀಲಗಳ ಒಳಪದರದಲ್ಲಿರುವ ಪ್ರೊಜೆನಿಟರ್ ಕೋಶಗಳು, ಅಂದರೆ ಮೂಲಕೋಶಗಳು, ಹೆಚ್ಚಿ ದಪ್ಪನೆಯ ಮೊಗ್ಗಾಗಿ ಈ ಅಂಗಾಂಶವನ್ನು ಕಟ್ಟುತ್ತವೆ. ಕಾವು ಶುರುವಾದ ಎಷ್ಟನೇ ಗಂಟೆಗೆ? ಅದೇ ನನ್ನ ಪ್ರಶ್ನೆ. ಮಾರ್ಚ್ 31ರೊಳಗೆ ವಯಸ್ಸಿನ ಕ್ರಮದಲ್ಲಿ ಒಂದು ಸ್ಲೈಡ್ ಸರಣಿ ತೋರಿಸದಿದ್ದರೆ ಈ ವಿಷಯ ಬಿಟ್ಟು ಮೀನಿನ ಕಿವಿರಿಗೆ ಹೋಗಬೇಕೆಂದು ನನ್ನ ಗೈಡ್ ಮೊದಲೇ ಹೇಳಿದ್ದರು.

ಅಂಗಡಿಯ ಫಾರಂ ಮೊಟ್ಟೆಯಲ್ಲಿ ಭ್ರೂಣವೇ ಬೆಳೆಯದು. ಹಾಗಾಗಿ ಕಾನಸೂರಿನ ಮಾದೇವಿಯಕ್ಕನ ಮೂರು ಕೋಳಿಗಳಿಂದ ತಲಾ ಎಂಟು ಮೊಟ್ಟೆ ತಂದಿದ್ದೆ. ಮೇಲೆ ಇದ್ದಿಲಿನ ಗೀಟುಗಳಿದ್ದವು. ಕೊಳೆಯೆಂದುಕೊಂಡು ಸ್ಪಿರಿಟ್ ಹಚ್ಚಿ ಒಂದೂ ಬಿಡದೆ ಒರೆಸಿದೆ.

72ನೇ ಗಂಟೆಯಿಂದ 132ರವರೆಗೆ, ಹನ್ನೆರಡು ಗಂಟೆಗೊಮ್ಮೆ ನಾಲ್ಕು ಮೊಟ್ಟೆ ಒಡೆದೆ. ಭ್ರೂಣಗಳನ್ನು ಮೇಣದಲ್ಲಿ ಕೂರಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿದೆ. ಮೂರು ವಾರ ಹಿಡಿಯಿತು. 96 ಗಂಟೆಯದೊಂದರಲ್ಲಿ ಮೊಗ್ಗು ಆಗಲೇ ದಪ್ಪ. 120ರದೊಂದರಲ್ಲಿ ಪದರ ಇನ್ನೂ ತೆಳು. ಒಟ್ಟು ಒಂಬತ್ತು ಭ್ರೂಣಗಳು ಕ್ರಮ ತಪ್ಪಿದ್ದವು. ಥರ್ಮಾಮೀಟರ್ ಬದಲಿಸಿ ನೋಡಿದೆ, ಕರೆಂಟ್ ಹೋದ ಹೊತ್ತುಗಳನ್ನು ಕೂಡಿಸಿದೆ. ಏನೂ ಹೊಂದಲಿಲ್ಲ. ಮಾರ್ಚ್ 10ರಂದು, ಸಿಟ್ಟಿನಲ್ಲೇ, ಕಾನಸೂರಿಗೆ ಬಸ್ ಹತ್ತಿದೆ.

“ಗೀಟು ಎಂತಕ್ಕೆ ಒರೆಸಿದ್ರಿ ತಂಗೀ?” ಮಾದೇವಿಯಕ್ಕ ಹಣೆ ಚಚ್ಚಿಕೊಂಡರು. “ಮೊದಲ್ನೇ ಮೊಟ್ಟೆಗೆ ಒಂದು ಗೀಟು, ಎರಡ್ನೇದಕ್ಕೆ ಎರಡು. ಕೋಳಿ ದಿನಾ ಹಳೇ ಮೊಟ್ಟೆ ಮೇಲೇ ಕೂತು ಹೊಸದು ಇಡ್ತದೆ. ನಿಮ್ಮ ಪೆಟ್ಟಿಗೆಗೆ ಹೋಗೋ ಮುಂಚೇನೇ ಕಾವು ಸುರುವಾಗಿರ್ತದೆ.”

“ಮೊದಲೇ ಹೇಳಬಾರದಿತ್ತಾ ಅಕ್ಕಾ?”

“ಅಷ್ಟೆಲ್ಲ ಬರ್ಕೊಳ್ತಾ ಇದ್ರಲ್ಲ, ಗೀಟೂ ಬರ್ಕೊಂಡ್ರಿ ಅಂದ್ಕಂಡೆ!”

ಬೇರೆ ಮೊಟ್ಟೆ ಕೇಳಿದೆ. ಮೂರೂ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿ ಕಾವಿಗೆ ಕೂತಿದ್ದವು. ಕೈ ಚಾಚಿದರೆ ಕುಕ್ಕಲು ಬಂದವು.

ಗೈಡ್ ಸ್ಲೈಡುಗಳನ್ನೆಲ್ಲ ನೋಡಿ ಕೇಳಿದ್ದು ಒಂದೇ: “ಕೊಯ್ಯೋ ಮೊದಲು ರೆಕ್ಕೆಯ ಮೊಗ್ಗು ಎಷ್ಟಿತ್ತು, ಬರೆದಿದ್ದೀಯಾ?” ಭ್ರೂಣದ ಹೊರ ರೂಪ ನೋಡಿಯೇ ವಯಸ್ಸು ಹೇಳಬಹುದಿತ್ತು. ನಾನು ಬರೆದಿರಲಿಲ್ಲ. “ನೀನು ಗಡಿಯಾರ ನೋಡಿದೆ, ಮರಿ ನೋಡಲಿಲ್ಲ” ಎಂದು ಅವರು ಸ್ಲೈಡ್ ಪೆಟ್ಟಿಗೆ ಮುಚ್ಚಿದರು. ಏಪ್ರಿಲ್ 1ರಿಂದ ನನ್ನ ಮೇಜಿನ ಮೇಲೆ ಮೀನಿನ ಕಿವಿರು.

ಲೆಕ್ಕ ಇಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ. ಇನ್ನೊಬ್ಬರು ಇಟ್ಟ ಲೆಕ್ಕವನ್ನು ಕೊಳೆಯೆಂದು ಒರೆಸಿದ್ದು ಈಗಲೂ ಕುಟುಕುತ್ತದೆ. ಅಂದಿನಿಂದ ಯಾವುದನ್ನೂ ಒರೆಸುವ ಮುನ್ನ ಅದರ ಚಿತ್ರ ಬರೆದುಕೊಳ್ಳುತ್ತೇನೆ.

ಆ ಸ್ಲೈಡುಗಳು ಇನ್ನೂ ನನ್ನ ಬಳಿ ಇವೆ. ಗೂಡಿನಲ್ಲೇ ಅರ್ಧ ಕಾವು ಪಡೆದ ಮೊಟ್ಟೆಯ ಸೊನ್ನೆ ಗಂಟೆಯನ್ನು ಲೆಕ್ಕ ಹಾಕುವ ದಾರಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಇದ್ದಿಲಿನ ಗೀಟುಗಳಲ್ಲಿ ಬರೆದರೂ ಸರಿ, ಓದುತ್ತೇನೆ.