ಹೆಲಿಪ್ಯಾಡಿನ ಮೇಲೆ ಹಂದರ

ನಮ್ಮ ಕಂಪನಿಯ ಬೋರ್ಡಿನ ಮೇಲೆ ದೊಡ್ಡ ವಿಮಾನದ ಚಿತ್ರವಿದೆ. ಒಳಗಿರುವುದು ಒಂದು ಕೋಣೆ, ಎರಡು ಕುರ್ಚಿ. ಶಹಾಬಜಾರದ ಆ ಓಣಿಯಲ್ಲಿ ಆಟೋ ತಿರುಗಿಸುವುದೇ ಕಷ್ಟ. ಹೆಲಿಕಾಪ್ಟರ್ ಬೇಕೆಂದವರಿಗೆ ಹೈದರಾಬಾದಿನಿಂದ ಬಾಡಿಗೆಗೆ ತರಿಸಿ ಕೊಡುತ್ತೇವೆ. ಅದು ಇಳಿಯುವ ಜಾಗ ಸಜ್ಜು ಮಾಡುವುದು ನನ್ನ ಕೆಲಸ. ನಾನು ಓದಿದ್ದು ಏಳನೇ ಇಯತ್ತೆ. ನೆಲ ಸಪಾಟು ಮಾಡಲು ಅಷ್ಟು ಸಾಕು.

ಒಮ್ಮೆ ಧೂಳು ಎದ್ದು ಪೈಲಟ್ ಇಳಿಯದೆ ವಾಪಸ್ ಹೋಗಿದ್ದ. "ಇನ್ನೊಮ್ಮೆ ಹಿಂಗಾದ್ರ ನೀ ಮನಿಗಿ ಹೋಗು," ಎಂದಿದ್ದರು ಸಾಹೇಬರು. ಹಾಗಾಗಿ ಮದುಮಗ ಹೆಲಿಕಾಪ್ಟರಿನಲ್ಲಿ ಬರಲಿದ್ದ ಕಮಲಾಪುರದ ಮದುವೆಗೆ ಹಿಂದಿನ ದಿನವೇ ಹೋದೆ. ಹೆಣ್ಣಿನವರ ಹೊಲಕ್ಕೆ ನೀರು ಹೊಡೆಸಿ, ಸುಣ್ಣದಿಂದ ದೊಡ್ಡ ವೃತ್ತ ಬರೆದು ಬಂದೆ.

ಮರುದಿನ ಹೋಗಿ ನೋಡಿದರೆ ವೃತ್ತದ ಮೇಲೆ ಹಂದರ! ಸುಣ್ಣದ ಗೆರೆಗೆ ರಂಗೋಲಿ ಬೇರೆ.

"ಇದ್ಯಾರು ಹಾಕ್ಯಾರ್ರಿ?"

"ನಾವೇ ಹಾಕೀವಿ. ಮದುಮಗ ಬಿಸಲಾಗ ಇಳೀಬೇಕೇನು?" ಎಂದ ಹೆಣ್ಣಿನ ಅಪ್ಪ.

"ಕಾಕಾ, ಅದು ಮ್ಯಾಲಿಂದ ಬರ್ತದ! ಬಸ್ಸಿನಂಗ ಬಾಜೂದಿಂದ ಬರಂಗಿಲ್ಲ!"

ಆತ ಆಕಾಶ ನೋಡಿದ. ಹಂದರ ನೋಡಿದ. "ಹೌದಲ್ಲ," ಎಂದ.

ನಾನು ಹಗ್ಗಕ್ಕೆ ಕೈ ಹಾಕಿದೆ. ಹೆಣ್ಣಿನ ಅಜ್ಜಿ ಕೋಲು ಹಿಡಿದು ಬಂದಳು.

"ಮದುಮಕ್ಕಳ ತಲಿ ಮ್ಯಾಲ ಅಕ್ಕಿಕಾಳ ಬೀಳೂತನಕ ಹಂದರ ಬಿಚ್ಚಂಗಿಲ್ಲ. ಕೈ ತಗೀಲೇ ಭಾಡ್ಯಾ!"

"ಆಯಿ, ನನ್ನ ನೌಕರಿ ಹೋಗ್ತದ."

"ನಮ್ಮ ಹುಡುಗಿ ಲಗ್ನಕ್ಕ ಅಪಶಕುನ ಆಗ್ತದ. ಯಾವುದು ದೊಡ್ಡದು?"

ಅಷ್ಟರಲ್ಲಿ ಮೇಲೆ ಸದ್ದು. ಫೋನಿನಲ್ಲಿ ಸಾಹೇಬರು: "ಕೆಳಗ ಡೇರೆ ಕಾಣ್ಲಾಕತ್ಯದಂತ! ವಾಪಸ್ ಹೋಗ್ತೀನಿ ಅನ್ಲಾಕತ್ಯಾನ ಪೈಲಟ್!"

"ಬಿಚ್ಚಬ್ಯಾಡ್ರಿ! ಎತ್ರಿ!" ಎಂದು ಕೂಗಿದೆ.

ಗಂಟು ಬಿಚ್ಚದಿದ್ದರೆ ಅಜ್ಜಿಗೆ ತಕರಾರಿರಲಿಲ್ಲ. ನೆಂಟರು, ಅಡುಗೆಯವರು, ಬ್ಯಾಂಡಿನವರು ಒಬ್ಬೊಬ್ಬರು ಒಂದೊಂದು ಕಂಬ ಕಿತ್ತು ಹಿಡಿದರು. ಇಡೀ ಹಂದರ ಹೊಲದ ಅಂಚಿಗೆ ನಡೆಯಿತು. ಅದರ ನೆರಳಿನಲ್ಲಿ ಅಜ್ಜಿಯೂ ನಡೆದಳು, ಗಂಟುಗಳ ಕಾವಲಿಗೆ.

ಹೆಲಿಕಾಪ್ಟರ್ ಇಳಿಯಿತು. ಅದರ ಗಾಳಿಗೆ ಹಂದರದ ಬಟ್ಟೆ ಹರಿದು ಹಾರಿ ಬೇವಿನ ಗಿಡಕ್ಕೆ ಸಿಕ್ಕಿಕೊಂಡಿತು. ಎಲ್ಲರ ಕೈಯಲ್ಲಿ ಬರೀ ಕಂಬ ಉಳಿಯಿತು. ಮದುಮಗ ಒಂದು ಕಾಲು ಕೆಳಗಿಟ್ಟವನು, ಅಷ್ಟು ಜನ ಬಡಿಗೆ ಹಿಡಿದು ನಿಂತದ್ದು ನೋಡಿ ಕಾಲು ಒಳಗೆ ಎಳೆದುಕೊಂಡ.

ನಾನು ಹೆದರಿ ಅಜ್ಜಿಯ ಕಡೆ ನೋಡಿದೆ. ಆಕೆ ಸೆರಗು ಸರಿಮಾಡಿಕೊಂಡಳು.

"ನಾವೇನು ಬಿಚ್ಚಿಲ್ಲಪ್ಪ, ಗಾಳಿ ಬಿಚ್ಯದ. ಆರತಿ ತರ್ರಿ."

ನೌಕರಿ ಉಳಿಯಿತು. ಆದರೆ ಈಗ ಜಾಗ ಸಜ್ಜು ಮಾಡಿದ ಮೇಲೆ ನಾನು ಮನೆಗೆ ಹೋಗುವುದಿಲ್ಲ. ವೃತ್ತದ ನಡುವೆ ಚಾಪೆ ಹಾಸಿ ಅಲ್ಲೇ ಮಲಗುತ್ತೇನೆ.